ತಂಬುಳಿ, ಕಷಾಯ, ಸೊಪ್ಪಿನ ರಸ: ಮನೆಮದ್ದನ್ನು ಅಡುಗೆಮನೆ ಅಳತೆಯಲ್ಲೇ ಮಾಡಿಕೊಳ್ಳುವುದು ಹೇಗೆ

ದೊಡ್ಡಪತ್ರೆ ತಂಬುಳಿಯನ್ನು ಯಾರೂ ಮದ್ದು ಅಂತ ತಿನ್ನುವುದಿಲ್ಲ. ಬಿಸಿ ಅನ್ನಕ್ಕೆ ಕಲಸಿಕೊಂಡು ಉಣ್ಣುತ್ತಾರೆ, ಮಿಕ್ಕಿದರೆ ಲೋಟಕ್ಕೆ ಹಾಕಿಕೊಂಡು ಕುಡಿಯುತ್ತಾರೆ. ನಾಲ್ಕು ಜನರ ಮನೆಗೆ ಹತ್ತು-ಹದಿನೈದು ಎಲೆ, ಜೊತೆಗೆ ಕಾಯಿತುರಿ, ಮಜ್ಜಿಗೆ, ಚೂರು ಜೀರಿಗೆ. ಲೆಕ್ಕ ಹಾಕಿದರೆ ಒಬ್ಬೊಬ್ಬರ ಹೊಟ್ಟೆಗೆ ಹೋಗುವುದು ಮೂರೋ ನಾಲ್ಕೋ ಎಲೆ. ಮಲೆನಾಡು, ಕರಾವಳಿಯ ಹಳೆ ಅಡುಗೆಯಲ್ಲಿ ಸೊಪ್ಪು, ಕುಡಿ, ಬೇರು, ತೊಗಟೆ ಎಲ್ಲಕ್ಕೂ ಹೀಗೆ ಒಂದು ಅಳತೆ ಇದೆ, ಕೈಯಿಂದ ಕೈಗೆ ಬಂದದ್ದು. ಈಗ ಏನಾಗಿದೆ ಅಂದ್ರೆ, ಅದೇ ಸೊಪ್ಪನ್ನು ಹಿಡಿಗಟ್ಟಲೆ ಮಿಕ್ಸಿಗೆ ಹಾಕಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ ರಸ, ಅದೂ ತಿಂಗಳುಗಟ್ಟಲೆ. ಗಿಡ ಅದೇ, ಅಳತೆ ಬೇರೆ.

ಹಾಗಾಗಿ ಈ ಬರಹದಲ್ಲಿ 'ಈ ಕಾಯಿಲೆಗೆ ಈ ಎಲೆ' ಅನ್ನೋ ಉದ್ದ ಪಟ್ಟಿ ಸಿಗುವುದಿಲ್ಲ. ಅಂಥ ಪಟ್ಟಿಗಳು ವಾಟ್ಸಾಪಿನಲ್ಲಿ ದಿನಕ್ಕೆ ನಾಲ್ಕು ಬರುತ್ತವೆ. ಇಲ್ಲಿರುವುದು ಗಿಡ ಗುರುತಿಸುವುದರಿಂದ ಹಿಡಿದು ತಂಬುಳಿ, ಕಷಾಯ ಮಾಡಿಕೊಳ್ಳುವ ಕ್ರಮ, ಮತ್ತೆ ಎಲ್ಲಿ ನಿಲ್ಲಿಸಿ ಆಸ್ಪತ್ರೆ ದಾರಿ ಹಿಡಿಯಬೇಕು ಅನ್ನುವುದು.

1. ಗಿಡ ಯಾವುದು ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ

ಇದನ್ನು ಜನ ಸುಲಭ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ.

ಒಂದೆಲಗವನ್ನೇ ನೋಡಿ. ಗದ್ದೆ ಬದುವಿನಲ್ಲಿ, ತೋಟದ ತೇವದ ಜಾಗದಲ್ಲಿ ನೆಲಕ್ಕೆ ಹಬ್ಬಿಕೊಂಡಿರುತ್ತದೆ, ಗಂಟುಗಂಟಿಗೂ ಬೇರು ಬಿಡುತ್ತದೆ, ಒಂದು ಉದ್ದ ತೊಟ್ಟಿಗೆ ಒಂದೇ ಎಲೆ. ಎಲೆ ದುಂಡಗೆ, ತೊಟ್ಟಿನ ಹತ್ತಿರ ಸೀಳು, ಅಂಚು ಸಣ್ಣಗೆ ಅಲೆಅಲೆ. ತುಳುವಿನಲ್ಲಿ ತಿಮರೆ, ಹವ್ಯಕರ ಮನೆಗಳಲ್ಲಿ ಉರಗೆ. ನಮ್ಮಲ್ಲಿ ಬಹಳ ಕಡೆ ಇದನ್ನೇ ಬ್ರಾಹ್ಮಿ ಅಂತಲೂ ಕರೆಯುತ್ತಾರೆ. ಆದರೆ ಔಷಧಿ ಅಂಗಡಿಯಲ್ಲಿ ಬ್ರಾಹ್ಮಿ ಅಂತ ಸಿಗುವ ಮಾತ್ರೆಯಲ್ಲಿ ಬಹಳ ಸಲ ಇರುವುದು ನೀರುಬ್ರಾಹ್ಮಿ. ಅದು ಬೇರೆಯೇ ಗಿಡ: ಸಣ್ಣ, ದಪ್ಪ ಎಲೆ, ಬಿಳಿ ಅಥವಾ ತೆಳು ನೇರಳೆ ಹೂವು. ಒಂದರ ಬಗ್ಗೆ ಓದಿದ ಡೋಸನ್ನು ಇನ್ನೊಂದಕ್ಕೆ ಹಾಕಿಕೊಳ್ಳಬೇಡಿ.

ಅಮೃತಬಳ್ಳಿಯ ವಿಷಯ ಇನ್ನೂ ಸ್ವಲ್ಪ ಗಂಭೀರ. ಎಲೆ ಹೃದಯದ ಆಕಾರ ಅಂತ ಎಲ್ಲರಿಗೂ ಗೊತ್ತು, ಆದರೆ ಹೃದಯದ ಆಕಾರದ ಎಲೆ ಹತ್ತಾರು ಬಳ್ಳಿಗಿದೆ. ಕಾಂಡ ನೋಡಿ. ಬಲಿತ ಅಮೃತಬಳ್ಳಿಯ ಕಾಂಡದ ಮೇಲೆ ಕಾಗದದಷ್ಟು ತೆಳುವಾದ ಬೂದು-ಕಂದು ಸಿಪ್ಪೆ ಇರುತ್ತದೆ, ಉಗುರಿನಲ್ಲಿ ಕೆರೆದರೆ ಸುಲಿದು ಬರುತ್ತದೆ, ಒಳಗೆ ಹಚ್ಚಹಸಿರು. ಅಡ್ಡ ಕತ್ತರಿಸಿದರೆ ಚಕ್ರದ ಕಡ್ಡಿಗಳ ಹಾಗೆ ಗೆರೆ. ಮೇಲಿನಿಂದ ದಾರದಂಥ ಬೇರುಗಳು ಜೋತು ಬಿದ್ದಿರುತ್ತವೆ. ಇದೇ ಜಾತಿಯ ಇನ್ನೊಂದು ಬಳ್ಳಿ ಇದೆ, ಅದರ ಕಾಂಡದ ತುಂಬಾ ಎದ್ದು ಕಾಣುವ ಗಂಟುಗಂಟು, ನರಹುಲಿ ಎದ್ದ ಹಾಗೆ. ಅದು ಅಮೃತಬಳ್ಳಿ ಅಲ್ಲ. ಗಂಟು ಜಾಸ್ತಿ ಕಂಡರೆ ಬಿಟ್ಟುಬಿಡಿ.

ತುಳುನಾಡಿನಲ್ಲಿ ಆಟಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಲ್ಲಿ ಜಜ್ಜಿ ತಂದು, ಕಾಳುಮೆಣಸು, ಬೆಳ್ಳುಳ್ಳಿ, ಓಮದ ಜೊತೆ ಅರೆದು, ಕಾಯಿಸಿದ ಬಿಳಿಕಲ್ಲಿನ ಒಗ್ಗರಣೆ ಕೊಟ್ಟು ಕುಡಿಯುವ ಪದ್ಧತಿ ಇದೆಯಲ್ಲ, ಅಲ್ಲೂ ಅಪಾಯ ಇರುವುದು ಗುರುತಿನಲ್ಲೇ. ಕತ್ತಲಲ್ಲಿ ಹೋಗುವುದು, ಮರ ಸರಿಯಾಗಿ ಕಾಣುವುದಿಲ್ಲ. ಕಾಸರಕದ ಮರವೂ ಅದೇ ಗುಡ್ಡದಲ್ಲಿ ಇರುತ್ತದೆ, ಅದರಲ್ಲಿರುವುದು ಸ್ಟ್ರಿಕ್ನಿನ್, ಅಪ್ಪಟ ವಿಷ. ಗೊತ್ತಿದ್ದವರು ಹಿಂದಿನ ದಿನ ಹಗಲಿನಲ್ಲೇ ಹೋಗಿ ಮರ ನೋಡಿ, ಗುರುತಿಗೆ ಬಳ್ಳಿ ಕಟ್ಟಿ ಬರುತ್ತಾರೆ. ಹಾಲೆ ಮರಕ್ಕೆ ಒಂದೇ ಗಂಟಿನಲ್ಲಿ ಸುತ್ತಲೂ ಆರೇಳು ಎಲೆ ಬರುತ್ತದೆ, ಗಾಯ ಮಾಡಿದರೆ ಬಿಳಿ ಹಾಲು ಸುರಿಯುತ್ತದೆ. ಕಾಸರಕದ ಎಲೆ ಎದುರುಬದುರು ಜೋಡಿ, ಹಾಲು ಬರುವುದಿಲ್ಲ. ಎರಡೂ ಲಕ್ಷಣ ನೋಡದೆ ತೊಗಟೆಗೆ ಕೈ ಹಾಕಬೇಡಿ. ಮರದ ಪರಿಚಯ ಇರುವ ಹಿರಿಯರು ಜೊತೆಗಿಲ್ಲ ಅಂದ್ರೆ ಆ ವರ್ಷ ಕಷಾಯದ ಮೇಲೆ ಉಣ್ಣುವ ಮೆಂತ್ಯದ ಗಂಜಿ ಮಾತ್ರ ಉಂಡರಾಯಿತು, ಏನೂ ನಷ್ಟವಿಲ್ಲ.

ಮೊಬೈಲಿನಲ್ಲಿ ಫೋಟೋ ತೆಗೆದು ಹೆಸರು ಹೇಳುವ ಆಪ್‌ಗಳು ಅಂದಾಜಿಗೆ ಪರವಾಗಿಲ್ಲ. ಹೊಟ್ಟೆಗೆ ಹಾಕುವ ಸಾಮಾನಿಗೆ ಆ ಅಂದಾಜು ಸಾಲದು.

2. ಎಲ್ಲಿಂದ ಕೀಳಬೇಕು

ಅಡಿಕೆ ತೋಟದವರಿಗೆ ಒಂದು ಮಾತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೀರಿ, ಅದು ಮೈಲುತುತ್ತ ಮತ್ತು ಸುಣ್ಣ. ಗೊನೆಗೆ ಹೊಡೆದದ್ದು ತೊಟ್ಟಿಕ್ಕಿ ಕೆಳಗಿರುವ ಒಂದೆಲಗದ ಮೇಲೇ ಬೀಳುತ್ತದೆ. ಎಲೆ ಮೇಲೆ ತೆಳು ನೀಲಿ ಚುಕ್ಕೆ ಒಣಗಿರುವುದು ಹತ್ತಿರದಿಂದ ನೋಡಿದರೆ ಕಾಣುತ್ತದೆ. ಮಳೆ ಬಂದರೆ ಚುಕ್ಕೆ ತೊಳೆದು ಹೋಗುತ್ತದೆ, ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ. ಆದ್ದರಿಂದ ತಂಬುಳಿಗೆ ಬೇಕಾದ ಒಂದೆಲಗಕ್ಕೆ ತೋಟದ ಹೊರಗೆ, ಬಾವಿಕಟ್ಟೆ ಹತ್ತಿರವೋ ಕುಂಡದಲ್ಲೋ ಒಂದು ಜಾಗ ಮಾಡಿ. ಪೇಟೆಯವರು ಚರಂಡಿ ಬದಿ, ರಸ್ತೆ ಬದಿ, ನಾಯಿ ಓಡಾಡುವ ಪಾರ್ಕಿನಲ್ಲಿ ಕೀಳುವುದು ಬೇಡ. ಒಂದೆಲಗ ನೆಲಕ್ಕೆ ಅಂಟಿಕೊಂಡೇ ಬೆಳೆಯುವುದರಿಂದ ಮೂರು ನೀರಿನಲ್ಲಿ ತೊಳೆದು, ಕೊನೆಗೆ ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ.

ಬಾಲ್ಕನಿ ಇದ್ದರೆ ಸಾಕು. ದೊಡ್ಡಪತ್ರೆಯ ಒಂದು ಕೊಂಬೆ ಮುರಿದು ನೆಟ್ಟರೆ ಬದುಕುತ್ತದೆ, ಅದನ್ನು ಕೊಲ್ಲುವುದು ನೀರು ಜಾಸ್ತಿಯಾದರೆ ಮಾತ್ರ. ಒಂದೆಲಗಕ್ಕೆ ಅಗಲ ಕುಂಡ, ಅರೆನೆರಳು, ಸದಾ ತೇವ. ತುಳಸಿ ಹೇಗೂ ಇರುತ್ತದೆ. ಇಷ್ಟಾದರೆ ದಿನನಿತ್ಯದ ಅರ್ಧ ಮನೆಮದ್ದು ಕೈಗೆಟುಕಿದ ಹಾಗೆ, ಉಳಿದರ್ಧ ಸಾಂಬಾರ ಡಬ್ಬಿಯಲ್ಲಿದೆ.

3. ತಂಬುಳಿ ಮಾಡುವುದು

ದೊಡ್ಡಪತ್ರೆಯಿಂದ ಶುರು ಮಾಡಿ. ನಾಲ್ಕು ಜನರಿಗೆ ಹತ್ತು-ಹದಿನೈದು ಎಲೆ. ಬಾಣಲೆಗೆ ಒಂದು ಚಮಚ ತುಪ್ಪ, ಒಂದು ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು. ಜೀರಿಗೆ ಕೆಂಪಾದ ಮೇಲೆ ಎಲೆ ಹಾಕಿ. ಈ ಎಲೆ ದಪ್ಪ, ತುಂಬಾ ನೀರಿರುತ್ತದೆ, ಹಾಕಿದ ಕೂಡಲೇ ಚುರ್ ಅಂತ ಸದ್ದು ಮಾಡಿ ನೀರು ಬಿಡುತ್ತದೆ. ಅಲ್ಲಿಗೇ ಇಳಿಸಬೇಡಿ. ಉರಿ ಸಣ್ಣ ಮಾಡಿ ಬಾಡಿಸುತ್ತಾ ಹೋಗಿ. ಹಚ್ಚಹಸಿರು ಬಣ್ಣ ಮಾಸಿ, ಎಲೆ ಕಾಲುಭಾಗಕ್ಕೆ ಇಳಿದು, ಓಮದಂಥ ಆ ಘಾಟು ಮೂಗಿಗೆ ಮೆತ್ತಗೆ ಬರುವ ಹೊತ್ತಿಗೆ ಸರಿ. ಹಸಿ ಉಳಿದರೆ ತಂಬುಳಿ ಗಂಟಲಲ್ಲಿ ಕೆರೆಯುತ್ತದೆ. ಆರಿದ ಮೇಲೆ ಅರ್ಧ ಲೋಟ ಕಾಯಿತುರಿ ಜೊತೆ ನುಣ್ಣಗೆ ಅರೆದು, ಒಂದೂವರೆ ಲೋಟ ಮಜ್ಜಿಗೆ ಸೇರಿಸಿ, ಉಪ್ಪು ಹಾಕಿ. ಮಜ್ಜಿಗೆ ತೀರಾ ಹುಳಿ ಇರಬಾರದು. ಸಾಸಿವೆ, ಒಂದು ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ. ಕುದಿಸುವ ಹಾಗಿಲ್ಲ, ಒಡೆದುಹೋಗುತ್ತದೆ.

ಒಂದೆಲಗಕ್ಕೆ ಬಾಡಿಸುವ ಕೆಲಸ ಇಲ್ಲ. ಒಂದು ಹಿಡಿ ಹಸಿ ಎಲೆ, ದಂಟು ಸಮೇತ, ಕಾಯಿ ಮತ್ತು ಜೀರಿಗೆ ಜೊತೆ ಹಾಗೇ ಅರೆಯುತ್ತಾರೆ. ಮೆಂತ್ಯದ್ದಾದರೆ ಒಂದೇ ಚಮಚ ಮೆಂತ್ಯ, ತುಪ್ಪದಲ್ಲಿ ಕೆಂಪಗೆ ಹುರಿಯಬೇಕು. ಕಪ್ಪಾಯಿತೋ, ಇಡೀ ತಂಬುಳಿ ಕಹಿ, ಅದನ್ನು ಸರಿ ಮಾಡಲು ಬರುವುದಿಲ್ಲ. ಪೇರಲೆ ಕುಡಿ, ದಾಳಿಂಬೆ ಸಿಪ್ಪೆ, ನೆಲ್ಲಿಕಾಯಿ, ಶುಂಠಿ, ಕರಿಬೇವು, ಎಲ್ಲದಕ್ಕೂ ಇದೇ ಕ್ರಮ. ದಾಳಿಂಬೆ ಸಿಪ್ಪೆ ಬಹಳ ಒಗರು, ಎರಡು ಬೆರಳಗಲದ ಒಣಗಿದ ಚೂರು ಸಾಕು.

ಒಂದು ವಾರದಲ್ಲಿ ಬೇರೆ ಬೇರೆ ತಂಬುಳಿ ಬರಲಿ. ಇವತ್ತು ದೊಡ್ಡಪತ್ರೆ, ನಾಡಿದ್ದು ಮೆಂತ್ಯ, ಆಮೇಲೆ ನೆಲ್ಲಿ. ನೆನಪಿನ ಶಕ್ತಿಗೆ ಅಂತ ಪರೀಕ್ಷೆ ಮುಗಿಯುವವರೆಗೆ ಮಗುವಿಗೆ ದಿನಾ ಒಂದೆಲಗದ ರಸ ಕುಡಿಸುವವರಿದ್ದಾರೆ. ಒಂದೆಲಗವನ್ನು ದೊಡ್ಡ ಪ್ರಮಾಣದಲ್ಲಿ ಬಹಳ ದಿನ ತೆಗೆದುಕೊಂಡವರಲ್ಲಿ ಲಿವರ್‌ಗೆ ಪೆಟ್ಟಾದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಅಪರೂಪ, ಹೌದು. ಆದರೆ ವಾರಕ್ಕೊಮ್ಮೆ ತಂಬುಳಿ ಉಣ್ಣುವವರ ಬಗ್ಗೆ ಅಲ್ಲ ಆ ವರದಿಗಳು.

4. ಕಷಾಯದ ಪುಡಿ

ಒಂದು ಲೋಟ ಕೊತ್ತಂಬರಿ ಬೀಜ, ಅರ್ಧ ಲೋಟ ಜೀರಿಗೆ, ಒಂದು ದೊಡ್ಡ ಚಮಚ ಕಾಳುಮೆಣಸು, ಒಂದು ಸಣ್ಣ ಚಮಚ ಮೆಂತ್ಯ, ಎರಡು ಚಮಚ ಬಡೆಸೋಂಪು, ಒಂದು ಸಣ್ಣ ತುಂಡು ಒಣಶುಂಠಿ. ಒಂದೊಂದನ್ನೇ ಬೇರೆ ಬೇರೆ ಹುರಿಯಿರಿ, ಎಲ್ಲ ಒಟ್ಟಿಗೆ ಹಾಕಿದರೆ ಕೊತ್ತಂಬರಿ ಬೆಚ್ಚಗಾಗುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ, ಗಾಜಿನ ಬಾಟಲಿಯಲ್ಲಿಡಿ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಒಳಗೆ ನೀರು ಕೂತು ಬೂಸಲು ಬರುತ್ತದೆ. ಬೂಸಲು ಕಂಡರೆ ಮೇಲಿನದ್ದು ತೆಗೆದು ಉಳಿದದ್ದು ಬಳಸುವ ಲೆಕ್ಕಾಚಾರ ಬೇಡ, ಪೂರ್ತಿ ಎಸೆಯಿರಿ.

ಒಂದೂವರೆ ಲೋಟ ನೀರಿಗೆ ಒಂದು ಚಮಚ ಪುಡಿ, ಚೂರು ಬೆಲ್ಲ. ಒಂದು ಲೋಟಕ್ಕೆ ಇಳಿಯುವ ತನಕ ಕುದಿಸಿ, ಸೋಸಿ. ಹಾಲು ಬೇಕಾದರೆ ಒಲೆ ಆರಿಸಿದ ಮೇಲೆ ಹಾಕಿ, ಬೆಲ್ಲದ ಜೊತೆ ಕುದಿಸಿದರೆ ಹಾಲು ಒಡೆಯುವುದೇ ಹೆಚ್ಚು. ಕಾಫಿ ಬಿಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆ ಬದಲಿ ನನಗೆ ಗೊತ್ತಿಲ್ಲ.

ಇದು ಮನೆ ಕಷಾಯ. ವೈದ್ಯರು ಬರೆದುಕೊಡುವ ಕಷಾಯ ಬೇರೆ, ಅಲ್ಲಿ ಒಣ ಬೇರು-ತೊಗಟೆಯನ್ನು ನಾಲ್ಕಕ್ಕೊಂದು, ಎಂಟಕ್ಕೊಂದು ಅಂತ ಬತ್ತಿಸುತ್ತಾರೆ, ಹದ ಗಟ್ಟಿ, ಕೊಡುವ ಪ್ರಮಾಣ ಕಡಿಮೆ. ಎರಡನ್ನೂ ಒಂದೇ ಅಂದುಕೊಂಡು ಮನೆಯಲ್ಲಿ ಬೇರು ಬತ್ತಿಸಿ ಲೋಟ ತುಂಬಾ ಕುಡಿಯುವುದು ಬೇಡ. 2020ರಲ್ಲಿ ಕೊರೋನ ಶುರುವಾದಾಗ ಆಯುಷ್ ಸಚಿವಾಲಯ ತುಳಸಿ, ಚಕ್ಕೆ, ಒಣಶುಂಠಿ, ಕಾಳುಮೆಣಸಿನ ಕಷಾಯವನ್ನು ದಿನಕ್ಕೆ ಒಂದೆರಡು ಸಲ ಅಂತ ಹೇಳಿತ್ತು. ಮನೆಮನೆಯಲ್ಲಿ ಅದು ನಾಲ್ಕು ಸಲವಾಯಿತು, ಮೆಣಸು ಮೂರು ಪಟ್ಟಾಯಿತು. ಹೊಟ್ಟೆ ಉರಿ, ಬಾಯಿಹುಣ್ಣು ಅಂತ ಗೋಳಾಡಿದವರು ನಿಮ್ಮ ಮನೆಯಲ್ಲೂ ಇದ್ದಿರಬಹುದು.

5. ಯಾವುದಕ್ಕೆ ಎಷ್ಟು ನಂಬುವುದು

ಅಜೀರ್ಣ, ಹೊಟ್ಟೆ ಉಬ್ಬರಕ್ಕೆ ಜೀರಿಗೆ, ಶುಂಠಿ, ಓಮ ಒಳ್ಳೆಯ ಕೆಲಸ ಮಾಡುತ್ತವೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ನಮ್ಮ ಸಾಂಬಾರ ಪದಾರ್ಥಗಳು ಪಿತ್ತರಸವನ್ನೂ ಜೀರ್ಣಕ್ಕೆ ಬೇಕಾದ ಕಿಣ್ವಗಳನ್ನೂ ಹೆಚ್ಚಿಸಿದ್ದು ಕಂಡಿದೆ. ವಾಕರಿಕೆಗೆ ಶುಂಠಿಯ ಗುಣವನ್ನು ಮನುಷ್ಯರ ಮೇಲೂ ಪರೀಕ್ಷೆ ಮಾಡಿ ನೋಡಿದ್ದಾರೆ, ಫಲ ಚೆನ್ನಾಗಿಯೇ ಇದೆ. ಊಟವಾದ ಮೇಲೆ ಚೂರು ಹಸಿಶುಂಠಿಗೆ ಉಪ್ಪು ಹಚ್ಚಿ ಅಗಿಯುವುದು ಸುಮ್ನೆ ಬಂದ ಅಭ್ಯಾಸವಲ್ಲ.

ನೆಗಡಿ ತಾನಾಗೇ ವಾರದಲ್ಲಿ ಹೋಗುತ್ತದೆ, ಏನು ಕುಡಿದರೂ ಕುಡಿಯದಿದ್ದರೂ. ಕಷಾಯ ಮಾಡುವುದು ಅಷ್ಟು ದಿನ ಗಂಟಲಿಗೆ ಹಿತ ಕೊಡುವ ಕೆಲಸ. ಅದೇನು ಸಣ್ಣದಲ್ಲ. ರಾತ್ರಿ ಕೆಮ್ಮಿಗೆ ಮಲಗುವ ಮುಂಚೆ ಒಂದು ಚಮಚ ಜೇನುತುಪ್ಪ ಒಳ್ಳೆಯದು. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಲೇ ಬಾರದು, ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಾಣು ಎಳೆ ಕರುಳಿನಲ್ಲಿ ಮೊಳೆತು ವಿಷ ಮಾಡುತ್ತದೆ. ಲಕ್ಕಿ ಸೊಪ್ಪೋ ತುಳಸಿಯೋ ಹಾಕಿ ಹಬೆ ತೆಗೆದುಕೊಳ್ಳುವುದಾದರೆ ದೊಡ್ಡವರು ಮಾತ್ರ, ಪಾತ್ರೆ ಮೇಜಿನ ಮೇಲೆ ಅಲ್ಲಾಡದ ಹಾಗೆ ಇಟ್ಟು. ಮಕ್ಕಳನ್ನು ಕಂಬಳಿಯೊಳಗೆ ಕೂರಿಸಿ ಕುದಿಯುವ ನೀರು ಮುಂದಿಡುವುದು ಸುಟ್ಟ ಗಾಯಕ್ಕೆ ಆಹ್ವಾನ.

ಬೇಧಿಗೆ ಪೇರಲೆ ಕುಡಿ, ದಾಳಿಂಬೆ ಸಿಪ್ಪೆ ತಂಬುಳಿ ಉಣ್ಣಿ, ಒಗರು ಕರುಳಿಗೆ ಹಿಡಿತ ಕೊಡುತ್ತದೆ. ಆದರೆ ಬೇಧಿಯಲ್ಲಿ ಜೀವ ತೆಗೆಯುವುದು ಮೈಯಿಂದ ನೀರು, ಉಪ್ಪು ಹೊರಟುಹೋಗುವುದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ತಲೆ ಮಟ್ಟಕ್ಕೆ ಇರಬೇಕು, ರಾಶಿ ಅಲ್ಲ. ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಮೇಲು. ಇದು ಮೊದಲು, ತಂಬುಳಿ ಆಮೇಲೆ.

ಬಾವು ಇಳಿಯಲು ಎಕ್ಕದ ಎಲೆ ಬಿಸಿ ಮಾಡಿ ಕಟ್ಟುವವರು ಕೈ ತೊಳೆಯದೆ ಕಣ್ಣು ಉಜ್ಜಿಕೊಂಡರೆ ಕೆಲಸ ಕೆಟ್ಟಿತು, ಎಕ್ಕದ ಹಾಲು ಕಣ್ಣಿನ ಕರಿಗುಡ್ಡೆಗೆ ಹಾನಿ ಮಾಡುತ್ತದೆ. ತಾಗಿತೋ, ಹದಿನೈದು ನಿಮಿಷ ನೀರು ಹಾಕುತ್ತಾ ತೊಳೆದು ಸೀದಾ ಕಣ್ಣಿನ ಡಾಕ್ಟರ ಹತ್ತಿರ.

ಲೋಳೆಸರ ಸಣ್ಣ ಸುಟ್ಟ ಗಾಯಕ್ಕೆ ತಂಪು. ಮೊದಲು ನಲ್ಲಿ ನೀರಿನಡಿ ಇಪ್ಪತ್ತು ನಿಮಿಷ ಹಿಡಿಯಿರಿ, ಆಮೇಲೆ ಲೋಳೆ. ಎಲೆ ಕತ್ತರಿಸಿದಾಗ ಸಿಪ್ಪೆಯ ಅಂಚಿನಿಂದ ಹಳದಿ ಬಣ್ಣದ ಕಹಿ ಅಂಟು ಇಳಿಯುತ್ತದಲ್ಲ, ಅದನ್ನು ಪೂರ್ತಿ ಇಳಿಯಲು ಬಿಡಬೇಕು. ಜ್ಯೂಸ್ ಮಾಡುವಾಗ ಅದು ಸೇರಿದರೆ ಜೋರು ಬೇಧಿ.

6. ರಸ ಕುಡಿಯುವವರು ಇದನ್ನು ನಿಧಾನವಾಗಿ ಓದಿ

ಬಿಂಬುಳಿ ಗೊತ್ತಲ್ವಾ? ಕಾಂಡಕ್ಕೇ ಅಂಟಿಕೊಂಡು ಗೊಂಚಲು ಬಿಡುವ ಹುಳಿ ಕಾಯಿ. ಉಪ್ಪಿನಕಾಯಿಗೆ, ಮೀನು ಸಾರಿಗೆ, ಚಟ್ನಿಗೆ ಕರಾವಳಿಯಲ್ಲಿ ಎಷ್ಟೋ ಕಾಲದಿಂದ ಬಳಸುತ್ತಿದ್ದಾರೆ, ಯಾರಿಗೂ ಏನೂ ಆಗಿಲ್ಲ. ಕೊಲೆಸ್ಟ್ರಾಲ್ ಇಳಿಯುತ್ತದೆ ಅನ್ನುವ ಮಾತು ಕೇಳಿ ಕೇರಳದಲ್ಲಿ ಕೆಲವರು ಇದರ ಹಸಿ ರಸವನ್ನು ದಿನಾ ಕುಡಿಯಲು ಶುರು ಮಾಡಿದರು. 2013ರಲ್ಲಿ ಅಲ್ಲಿನ ಕಿಡ್ನಿ ತಜ್ಞರು ಹೀಗೆ ರಸ ಕುಡಿದು ಕಿಡ್ನಿ ಕೆಲಸ ನಿಂತುಹೋದ ಹತ್ತು ಜನರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕಾರಣ ಆಕ್ಸಲೇಟ್. ಆ ಹುಳಿಯಲ್ಲಿ ಅದು ಹೇರಳ, ಜಾಸ್ತಿಯಾದಾಗ ಕಿಡ್ನಿಯ ಸಣ್ಣ ನಾಳಗಳಲ್ಲಿ ಹರಳಾಗಿ ಕೂರುತ್ತದೆ. ಸಾರಿಗೆ ನಾಲ್ಕು ಕಾಯಿ ಹಾಕಿ ಆರು ಜನ ಉಂಡರೆ ದೇಹ ತಡೆದುಕೊಳ್ಳುತ್ತದೆ, ಒಬ್ಬರೇ ಲೋಟ ಎತ್ತಿದರೆ ಇಲ್ಲ.

ಸೋರೆಕಾಯಿ ರಸದ ಕಥೆಯೂ ಇಂಥದ್ದೇ. ಸಾಮಾನ್ಯವಾಗಿ ಸಪ್ಪೆ ಇರುವ ಕಾಯಿ ಒಮ್ಮೊಮ್ಮೆ ಕಹಿ ಬರುತ್ತದೆ, ಅದು ಕುಕರ್ಬಿಟಾಸಿನ್ ಅನ್ನುವ ವಿಷಪದಾರ್ಥ ಸೇರಿಕೊಂಡಿರುವ ಗುರುತು. ಪಲ್ಯದಲ್ಲಿ ಕಹಿ ಸಿಕ್ಕರೆ ಉಗಿಯುತ್ತೇವೆ. ಆರೋಗ್ಯಕ್ಕೆ ಅಂತ ಕುಡಿಯುವವರು ಮಾತ್ರ ಕಹಿ ಇದ್ದಷ್ಟೂ ಒಳ್ಳೆಯದು ಅಂತ ಮೂಗು ಹಿಡಿದು ಕುಡಿಯುತ್ತಾರೆ. ರಕ್ತ ವಾಂತಿ ಆಗಿದೆ, ಸಾವುಗಳೂ ಆಗಿವೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಇದಕ್ಕೇ ಒಂದು ತಜ್ಞರ ಸಮಿತಿ ಮಾಡಿ, ಕಹಿ ಸೋರೆ ರಸ ಕುಡಿಯಬೇಡಿ ಅಂತ ಹೇಳಿದೆ. ಆದ್ದರಿಂದ ಕತ್ತರಿಸಿದ ಕೂಡಲೇ ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಕಾಯಿ ಪೂರ್ತಿ ಗೊಬ್ಬರದ ಗುಂಡಿಗೆ. ಸೌತೆಕಾಯಿ, ಹೀರೆಕಾಯಿಗೂ ಇದೇ ಮಾತು. ಹಾಗಲಕಾಯಿ ಕಹಿ ಬೇರೆ, ಅದು ಅದರ ಹುಟ್ಟುಗುಣ.

ಅಮೃತಬಳ್ಳಿಯ ವಿಷಯಕ್ಕೆ ಬರೋಣ. 2021ರಲ್ಲಿ ಮುಂಬೈನ ವೈದ್ಯರು ಕೊರೋನ ಸಮಯದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಊದಿಕೊಂಡು ಬಂದ ರೋಗಿಗಳ ಬಗ್ಗೆ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ನಾನು ಮೇಲೆ ಹೇಳಿದ ಗಂಟುಗಂಟಿನ ಬಳ್ಳಿಯೇ ಬೆರೆತಿರಬಹುದು ಅಂದಿತು. ಮರುವರ್ಷ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಇನ್ನೂ ನಲವತ್ತಕ್ಕೂ ಹೆಚ್ಚು ಪ್ರಕರಣ ಸೇರಿಸಿ ಪ್ರಕಟಿಸಿದರು. ಜಗಳ ಅವರಿಬ್ಬರದ್ದಾಗಲಿ, ನಮಗೆ ಬೇಕಾದದ್ದು ಇಷ್ಟು: ಥೈರಾಯ್ಡ್, ಸಂಧಿವಾತದಂಥ ರೋಗನಿರೋಧಕ ವ್ಯವಸ್ಥೆಯೇ ತಿರುಗಿ ಬಿದ್ದ ಕಾಯಿಲೆ ಇರುವವರು, ಲಿವರ್ ತೊಂದರೆ ಇರುವವರು ಅಮೃತಬಳ್ಳಿಯ ತಂಟೆಗೇ ಹೋಗಬೇಡಿ. ಉಳಿದವರೂ ತಿಂಗಳುಗಟ್ಟಲೆ ಬೇಡ.

ನನ್ನ ಲೆಕ್ಕ ಹೀಗೆ. ಹಿಂದಿನವರು ಪಲ್ಯ, ಸಾರು, ತಂಬುಳಿಯಲ್ಲಿ ಬಳಸಿದ ಗಿಡವನ್ನು ಅಷ್ಟೇ ಅಳತೆಯಲ್ಲಿ ಧೈರ್ಯವಾಗಿ ಉಣ್ಣಬಹುದು. ಅದನ್ನೇ ಹಿಂಡಿ, ಒಣಗಿಸಿ, ಪುಡಿ ಮಾಡಿ, ಕ್ಯಾಪ್ಸೂಲ್ ಮಾಡಿದ ಕ್ಷಣ ಅಜ್ಜಿ ಕಾಲದ ಅನುಭವ ಅದಕ್ಕೆ ಅನ್ವಯ ಆಗುವುದಿಲ್ಲ. ಅಜ್ಜಿ ಅದನ್ನು ಹಾಗೆ ಕೊಟ್ಟೇ ಇರಲಿಲ್ಲ.

7. ದಿನಾ ಮಾತ್ರೆ ನುಂಗುವವರಿದ್ದರೆ

1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಪ್ರಯೋಗ ಮಾಡಿದರು. ಅರಿಶಿನದ ಸಾರವಾದ ಕುರ್ಕುಮಿನ್ ಒಂದನ್ನೇ ಕೊಟ್ಟರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಮನುಷ್ಯರಲ್ಲಿ ಅದು 2000 ಪರ್ಸೆಂಟ್ ಜಾಸ್ತಿಯಾಯಿತು. ಅರಿಶಿನದ ಹಾಲಿಗೆ ಮೆಣಸು ಹಾಕಿ ಅನ್ನುವ ಪ್ರತಿ ವಿಡಿಯೋದಲ್ಲೂ ಈ ಅಂಕಿ ಬರುತ್ತದೆ. ಹೇಳದೆ ಬಿಡುವ ಭಾಗ ಏನು ಅಂದ್ರೆ, ಮೆಣಸು ಈ ಉಪಕಾರವನ್ನು ಅರಿಶಿನಕ್ಕೆ ಮಾತ್ರ ಮಾಡುವುದಿಲ್ಲ. ಲಿವರ್ ಮತ್ತು ಕರುಳು ಔಷಧಿಯನ್ನು ಕಳೆಯುವ ಕೆಲಸವನ್ನೇ ಅದು ನಿಧಾನ ಮಾಡುವುದರಿಂದ ಮೂರ್ಛೆರೋಗದ ಫೆನಿಟಾಯಿನ್‌ನಂಥ ಮಾತ್ರೆಗಳೂ ರಕ್ತದಲ್ಲಿ ಏರಬಹುದು. ಸಾರಿಗೆ ಹಾಕುವ ನಾಲ್ಕು ಕಾಳಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪೈಪರಿನ್ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ಮಾತ್ರ ಡಾಕ್ಟರಿಗೆ ಹೇಳದೆ ಬೇಡ.

ಸಕ್ಕರೆ ಕಾಯಿಲೆಯವರು ನೆನೆಸಿದ ಮೆಂತ್ಯ ತಿನ್ನುವುದು ಒಳ್ಳೆಯ ಅಭ್ಯಾಸವೇ, ಅದರ ಲೋಳೆಯಂಥ ನಾರು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಆದರೆ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಮೆಂತ್ಯ, ಹಾಗಲಕಾಯಿ ರಸ ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆ ಸುತ್ತು ಬರಬಹುದು. ಒಂದೊಂದಾಗಿ ಶುರು ಮಾಡಿ, ಗ್ಲೂಕೋಮೀಟರ್‌ನಲ್ಲಿ ನೋಡುತ್ತಾ ಹೋಗಿ. ಮಾತ್ರೆ ನಿಲ್ಲಿಸುವ ನಿರ್ಧಾರ ಮೆಂತ್ಯದ ಕೈಯಲ್ಲಿ ಕೊಡಬೇಡಿ.

ಕೆಮ್ಮಿಗೆ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳುವವರಲ್ಲಿ ಬಿಪಿ ಇದ್ದವರು ಎಚ್ಚರ. ಅದನ್ನು ಅತಿಮಧುರ ಅಂತಲೂ ಅನ್ನುತ್ತಾರೆ. ಎರಡು ದಿನಕ್ಕೆ ಏನಾಗದು, ವಾರಗಟ್ಟಲೆ ಜಗಿದರೆ ಬಿಪಿ ಏರುತ್ತದೆ, ಪೊಟ್ಯಾಷಿಯಂ ಇಳಿಯುತ್ತದೆ. ಹೃದಯಕ್ಕೆ ಸ್ಟೆಂಟ್, ವಾಲ್ವ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಬೆಳ್ಳುಳ್ಳಿ, ಶುಂಠಿ, ಅರಿಶಿನವನ್ನು ಅಡುಗೆಯಾಚೆ ಬಳಸುವುದು ಬೇಡ.

8. ಕೂಸು, ಬಸುರಿ, ಬಾಣಂತಿ

ಹುಟ್ಟಿದ ಮಗುವಿಗೆ ಬಜೆ ತೇಯ್ದು ನೆಕ್ಕಿಸುವುದು ಬಹಳ ಮನೆಗಳಲ್ಲಿ ಈಗಲೂ ಇದೆ. ಮಾತು ಸ್ಪಷ್ಟ ಬರಲಿ ಅಂತ. ಬಜೆಯಲ್ಲಿ ಬೀಟಾ-ಅಸರೋನ್ ಅನ್ನುವ ಅಂಶ ಇದೆ, ಅದು ಒಳ್ಳೆಯದಲ್ಲ ಅಂತ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆ ಬಳಸುವುದನ್ನು ನಿಷೇಧಿಸಿತು. ಅದಕ್ಕಿಂತ ಹೆಚ್ಚಾಗಿ, ಆರು ತಿಂಗಳವರೆಗೆ ಮಗುವಿಗೆ ತಾಯಿ ಹಾಲು ಬಿಟ್ಟು ನೀರೂ ಬೇಡ ಅಂತ ವೈದ್ಯರು ಹೇಳುತ್ತಾರೆ. ತೇಯುವ ಕಲ್ಲು, ಬೆರಳು, ನೀರು ಎಲ್ಲದರಿಂದಲೂ ಸೋಂಕು ಹೋಗಬಹುದು. ಮನೆಯ ಹಿರಿಯರು ಹಠ ಹಿಡಿದರೆ ಬಜೆಯನ್ನು ದಾರಕ್ಕೆ ಕಟ್ಟಿ ತೊಟ್ಟಿಲಿಗೆ ತೂಗಿಬಿಡಿ, ಮಗುವಿನ ಕೈಗೆ ಎಟುಕದ ಹಾಗೆ. ಅವರಿಗೂ ಸಮಾಧಾನ, ಮಗುವೂ ಸುಖ.

ಬಸುರಿಯರು ಸಾರು, ತಂಬುಳಿ, ಮನೆ ಕಷಾಯ ಹಿತಮಿತವಾಗಿ ಸೇವಿಸಬಹುದು. ಲೋಳೆಸರದ ರಸ, ಜ್ಯೇಷ್ಠಮಧು, ಹೆಸರು ಗೊತ್ತಿಲ್ಲದ ಚೂರ್ಣ ಬೇಡ. ಬಾಣಂತಿಯರ ಅಂಟಿನುಂಡೆ, ಅಳ್ವಿ ಪಾಯಸ, ಮೆಂತ್ಯದ ಹಿಟ್ಟು ಎಲ್ಲ ಪುಷ್ಟಿಯ ಊಟ, ಅದಕ್ಕೇನೂ ತಕರಾರಿಲ್ಲ. ನೀರು ಕೊಡದೆ, ಸೊಪ್ಪು-ಹಣ್ಣು ಬಿಡಿಸಿ ಪಥ್ಯ ಮಾಡಿಸುವುದಕ್ಕೆ ಮಾತ್ರ ನನ್ನ ತಕರಾರು.

9. ಮನೆಮದ್ದು ಬಿಟ್ಟು ಹೊರಡಬೇಕಾದ ಹೊತ್ತು

ಕಾಮಾಲೆಗೆ ನೆಲನೆಲ್ಲಿ ಅನ್ನುವ ನಂಬಿಕೆ ಗಟ್ಟಿ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಬಹುತೇಕರಲ್ಲಿ ಕೆಲವು ವಾರದಲ್ಲಿ ತಾನಾಗೇ ವಾಸಿಯಾಗುತ್ತದೆ, ಹೆಸರು ಬರುವುದು ನೆಲನೆಲ್ಲಿಗೆ. 1988ರಲ್ಲಿ ಚೆನ್ನೈನ ಸಂಶೋಧಕರು ಹೆಪಟೈಟಿಸ್ ಬಿ ಮೇಲೆ ಇದರ ಫಲ ಚೆನ್ನಾಗಿದೆ ಅಂತ ಬರೆದದ್ದು ನಿಜ, ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲ. ಕಣ್ಣು ಹಳದಿಯಾಗುವುದಕ್ಕೆ ಪಿತ್ತಕೋಶದ ಕಲ್ಲು, ಕುಡಿತ, ಇಲಿಜ್ವರ, ಗೆಡ್ಡೆ ಹೀಗೆ ಹತ್ತು ಕಾರಣ ಇವೆ. ಮೊದಲು ರಕ್ತ ಪರೀಕ್ಷೆ, ಸ್ಕ್ಯಾನಿಂಗ್. ಯಾವ ಕಾಮಾಲೆ ಅಂತ ತಿಳಿದ ಮೇಲೆ ಪಥ್ಯದ ಮಾತು. ರೋಗಿ ಮಂಕಾಗಿದ್ದರೆ, ಅಸಂಬದ್ಧ ಮಾತಾಡಿದರೆ, ಆ ರಾತ್ರಿಯೇ ಆಸ್ಪತ್ರೆ.

ಡೆಂಗಿಗೆ ಪಪ್ಪಾಯಿ ಎಲೆ ರಸ. ಜ್ವರ ಇಳಿದ ಮೇಲೆ ಪ್ಲೇಟ್‌ಲೆಟ್ ತಾನಾಗೇ ಏರುತ್ತದೆ, ಆ ಹೊತ್ತಿಗೆ ರಸ ಕುಡಿಸಿರುತ್ತಾರೆ, ಹಾಗಾಗಿ ಎಲೆಗೆ ಕೀರ್ತಿ. ಎಲೆಗಿಂತ ಮುಖ್ಯವಾದ ವಿಷಯ ಬೇರೆ. ಡೆಂಗಿಯಲ್ಲಿ ಅಪಾಯದ ಹೊತ್ತು ಬರುವುದು ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ. 'ಜ್ವರ ಬಿಟ್ಟಿತು' ಅಂತ ಮನೆಯವರು ನಿಟ್ಟುಸಿರು ಬಿಡುವ ದಿನವೇ ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಕುಸಿಯಬಹುದು. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು ಕಂಡರೆ ತಡ ಮಾಡಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಎಳನೀರು, ಗಂಜಿ, ಪುನರ್ಪುಳಿ ಪಾನಕ ಧಾರಾಳವಾಗಿ ಕೊಡಿ, ಆದರೆ ಪಪ್ಪಾಯಿ ಎಲೆ ರಸದಿಂದ ವಾಂತಿಯಾಗಿ ಹೊಟ್ಟೆಯಲ್ಲಿದ್ದ ನೀರೂ ಹೊರಬೀಳುವುದು ಯಾವ ಲಾಭ?

ಹಾವು ಕಡಿದರೆ ಯಾವ ಬೇರೂ ಇಲ್ಲ, ಯಾವ ಎಲೆಯೂ ಇಲ್ಲ. ಕಡಿದ ಕೈಕಾಲು ಅಲ್ಲಾಡಿಸದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ.

ಆಸ್ಪತ್ರೆಗೆ ಹೋಗುವಾಗ ಕುಡಿದ ಕಷಾಯದ ಪುಡಿ, ಚೂರ್ಣದ ಡಬ್ಬಿ, ಎಲೆಯಾದರೆ ಒಂದು ಟೊಂಗೆ ಕಿತ್ತು ಚೀಲಕ್ಕೆ ಹಾಕಿಕೊಳ್ಳಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಲೋಟ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರು ಬೈತಾರೆ ಅಂತ ಮುಚ್ಚಿಡುವವರೇ ಜಾಸ್ತಿ. ಬೈದರೆ ಬೈಯಲಿ, ಲಿವರ್ ರಿಪೋರ್ಟ್ ಏಕೆ ಹೀಗೆ ಬಂತು ಅಂತ ಅವರು ಎರಡು ದಿನ ಹುಡುಕುವುದು ತಪ್ಪುತ್ತದೆ.